ಬಳಸಿದ ಅಗ್ಗದ ಗಿಟಾರಿನ ಮಾದರಿ ಮತ್ತು ವಯಸ್ಸನ್ನು ಜಾಹೀರಾತಿನ ಚಿತ್ರಗಳಿಂದ ಗುರುತಿಸುವುದು ಹೇಗೆ?

ಪ್ರಶ್ನೆ (ಹೊಸ ವಾದಕ):

ಎಲ್ಲರಿಗೂ ನಮಸ್ಕಾರ. ಕಲಿಕೆಗೆಂದು ಬಳಸಿದ ಗಿಟಾರೊಂದನ್ನು ಕೊಳ್ಳುವ ಉದ್ದೇಶದಿಂದ ಕೆಲವು ಕಾಲದಿಂದ ಜಾಹೀರಾತುಗಳನ್ನು ನೋಡುತ್ತಿದ್ದೇನೆ. ಹೆಚ್ಚಿನ ಮಾರಾಟಗಾರರು ಕಂಪನಿಯ ಹೆಸರನ್ನಷ್ಟೇ ಬರೆದಿರುತ್ತಾರೆ. ಮಾದರಿ ಯಾವುದು, ಎಷ್ಟು ಹಳೆಯದು ಎಂದು ವಿಚಾರಿಸಿದರೆ "ಒಳ್ಳೆಯ ಕಂಪನಿಯದು, ಹಳೆಯ ಕಾಲದ್ದು" ಎಂಬ ಉತ್ತರ ಬರುತ್ತದೆ. ಒಂದೇ ಹೆಸರಿನಡಿ ಹಲವು ದರ್ಜೆಯ ವಾದ್ಯಗಳು ತಯಾರಾಗುತ್ತವೆ ಎಂದು ತಿಳಿದ ಮೇಲೆ ಆ ಮಾತನ್ನು ನಂಬಿ ಹಣ ಕೊಡಲು ಧೈರ್ಯ ಸಾಲುತ್ತಿಲ್ಲ. ಸದ್ಯ ಮೂರು ವಾದ್ಯಗಳ ಮೇಲೆ ಕಣ್ಣಿಟ್ಟಿದ್ದೇನೆ.

ಮೊದಲನೆಯದು ಸ್ಕ್ವಯರ್ ಸ್ಟ್ರ್ಯಾಟ್ (ಸ್ಟ್ರ್ಯಾಟೊಕ್ಯಾಸ್ಟರ್ ಎಂಬ ಇಲೆಕ್ಟ್ರಿಕ್ ಗಿಟಾರ್). "1982ರ ಜಪಾನ್ ತಯಾರಿಕೆ" ಎಂದು ಮಾರುವವರು ಬರೆದಿದ್ದಾರೆ. ಹೆಡ್‌ಸ್ಟಾಕಿನ (ತಂತಿ ಬಿಗಿಸುವ ತಿರುಪುಗಳಿರುವ ಮೇಲ್ತುದಿಯ) ಹಿಂಭಾಗದ ಕ್ರಮಸಂಖ್ಯೆ ಐಸಿಎಸ್ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗಿ, ಅದರ ಬೆನ್ನಿಗೇ 10 ಎಂಬ ಅಂಕಿಯಿದೆ. ಹೆಡ್‌ಸ್ಟಾಕಿನ ದುಂಡು ತುದಿಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಸಿಕ್ಕಿಸಿಟ್ಟು ಚಿತ್ರ ತೆಗೆದಿರುವುದರಿಂದ ಅಲ್ಲಿ ಏನು ಬರೆದಿದೆ ಎಂಬುದು ಕಾಣುವುದಿಲ್ಲ.

ಎರಡನೆಯದು ಎಪಿಫೋನ್ ಲೆಸ್ ಪಾಲ್ ಎಂಬ ಇಲೆಕ್ಟ್ರಿಕ್ ಗಿಟಾರ್. ಹೆಡ್‌ಸ್ಟಾಕಿನ ಮೇಲಿರುವ, ಟ್ರಸ್ ರಾಡ್ (ಗಿಟಾರಿನ ಕತ್ತಿನೊಳಗಿನ ಲೋಹದ ಸರಳು) ಮುಚ್ಚುವ ಸಣ್ಣ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ "ಸ್ಟ್ಯಾಂಡರ್ಡ್" ಎಂದಿದೆ. ಕ್ರಮಸಂಖ್ಯೆಯಲ್ಲಿ ಅಕ್ಷರಗಳಿಲ್ಲ, ಬರೀ ಅಂಕಿಗಳು. ಮೊದಲ ಆರು ಅಂಕಿಗಳು 120315.

ಮೂರನೆಯದು ಯಮಹಾ ಅಕೂಸ್ಟಿಕ್. ಸೌಂಡ್‌ಹೋಲಿನ (ಮುಖದ ದುಂಡು ರಂಧ್ರದ) ಒಳಗೆ ಕೆಂಪು ಲೇಬಲ್ ಕಾಣುತ್ತದೆ, ಆದರೆ ಅದರ ಕೆಳಭಾಗ ಹರಿದುಹೋಗಿದೆ. ಉಳಿದಿರುವ ಭಾಗದಲ್ಲಿ ಎಫ್‌ಜಿ ಎಂಬ ಅಕ್ಷರಗಳೂ 1 ಎಂಬ ಒಂದು ಅಂಕಿಯೂ ಇವೆ.

ಕ್ರಮಸಂಖ್ಯೆಯನ್ನು ಅಂತರ್ಜಾಲದ ಪಟ್ಟಿಗಳಲ್ಲಿ ಹುಡುಕಿದರೆ ಸಾಕೆ, ಅಥವಾ ಬೇರೆ ಲಕ್ಷಣಗಳನ್ನೂ ನೋಡಬೇಕೆ? ಮಾರುವವರಿಂದ ಇನ್ನೂ ಯಾವ ಯಾವ ಚಿತ್ರಗಳನ್ನು ಕೇಳಬೇಕು? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ (ಸಂಖ್ಯೆಯ ಜಾಡು):

ಮೊದಲ ವಾದ್ಯದ ವಿಷಯ ಸುಲಭವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಸ್ಕ್ವಯರ್ ಎಂಬುದು ವಾದ್ಯಗಳ ತಂತಿ ತಯಾರಿಸುತ್ತಿದ್ದ ಹಳೆಯ ಕಂಪನಿಯೊಂದರ ಹೆಸರು. ಫೆಂಡರ್ (ಅಮೆರಿಕದ ಗಿಟಾರ್ ಕಂಪನಿ) ಆ ಕಂಪನಿಯನ್ನು 1965ರಲ್ಲಿ ಕೊಂಡುಕೊಂಡು, 1982ರಲ್ಲಿ ಜಪಾನಿನಲ್ಲಿ ತಯಾರಾದ ತನ್ನ ಕಡಿಮೆ ಬೆಲೆಯ ಗಿಟಾರುಗಳಿಗೆ ಆ ಹೆಸರನ್ನಿಟ್ಟಿತು. ಆ ಮೊದಲ ವಾದ್ಯಗಳ ಕ್ರಮಸಂಖ್ಯೆ ಜೆವಿ ಎಂಬ ಅಕ್ಷರಗಳಿಂದಲೂ, ಅದರ ಹಿಂದೆಯೇ ಬಂದವುಗಳದ್ದು ಎಸ್‌ಕ್ಯೂ ಎಂಬ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಇವುಗಳನ್ನೇ ಆದ್ದರಿಂದ, 1982 ಎಂಬ ವರ್ಷ ಜಾಹೀರಾತುಗಳಲ್ಲಿ ಅಷ್ಟು ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ. ನೀವು ನೋಡಿರುವ ಐಸಿಎಸ್‌ನಲ್ಲಿ ಐ ಎಂದರೆ ಇಂಡೋನೇಷ್ಯಾ, ಸಿ ಎಂದರೆ ಕಾರ್ಟ್ ಕಾರ್ಖಾನೆ, ಎಸ್ ಎಂದರೆ ಸ್ಕ್ವಯರ್. ಅದರ ಮುಂದಿನ 10 ಎಂದರೆ 2010. ಜಪಾನಿಗೂ ಈ ವಾದ್ಯಕ್ಕೂ ಸಂಬಂಧವಿಲ್ಲ. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಎಂದೇ ತಿಳಿಯಬೇಕಾಗಿಲ್ಲ. ತಮಗೆ ಮಾರಿದವರು ಹೇಳಿದ್ದನ್ನೇ ಅವರೂ ಬರೆದಿರಬಹುದು.

ಆದರೆ ಈ ಸಂಖ್ಯೆಯಿಂದ ಕಾರ್ಖಾನೆ ಮತ್ತು ವರ್ಷ ತಿಳಿಯುತ್ತವೆಯೇ ಹೊರತು ಸರಣಿ ತಿಳಿಯುವುದಿಲ್ಲ ಎಂಬುದನ್ನು ನೆನಪಿಡಿ. ಬುಲೆಟ್, ಅಫಿನಿಟಿ, ಸ್ಟ್ಯಾಂಡರ್ಡ್ ಎಂದು ಸ್ಕ್ವಯರ್‌ನಲ್ಲಿ ಬೇರೆ ಬೇರೆ ದರ್ಜೆಗಳಿದ್ದವು, ಬೆಲೆಯ ವ್ಯತ್ಯಾಸ ಇರುವುದು ಅಲ್ಲಿಯೇ. ಅಫಿನಿಟಿ ಮತ್ತು ಬುಲೆಟ್‌ಗಳಲ್ಲಿ ಸಾಮಾನ್ಯವಾಗಿ ಹೆಡ್‌ಸ್ಟಾಕಿನ ದುಂಡು ತುದಿಯಲ್ಲಿ ಸರಣಿಯ ಹೆಸರು ಅಚ್ಚಾಗಿರುತ್ತದೆ. ನಿಮ್ಮ ಚಿತ್ರದಲ್ಲಿ ಕೇಪೊ ಕುಳಿತಿರುವುದು ಸರಿಯಾಗಿ ಅದೇ ಜಾಗದಲ್ಲಿ. ಅದನ್ನು ತೆಗೆದು ಇನ್ನೊಂದು ಚಿತ್ರ ಕಳುಹಿಸಲು ಕೇಳಿ.

ಎಪಿಫೋನ್ ವಿಷಯಕ್ಕೆ ಬಂದರೆ, 2008ರ ಆಸುಪಾಸಿನಿಂದ ಆ ಕಂಪನಿಯ ಕ್ರಮಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿಗಳು ವರ್ಷವನ್ನೂ, ನಂತರದ ಎರಡು ತಿಂಗಳನ್ನೂ, ಅದರ ಮುಂದಿನ ಎರಡು ಕಾರ್ಖಾನೆಯನ್ನೂ ಸೂಚಿಸುತ್ತವೆ. ನಿಮ್ಮ 120315ನ್ನು ಹಾಗೆ ಬಿಡಿಸಿದರೆ 2012ರ ಮಾರ್ಚ್, ಕಾರ್ಖಾನೆ 15, ಅಂದರೆ ಚೀನಾದ ಚಿಂಗ್‌ಡಾವ್. ಅದಕ್ಕೂ ಮೊದಲಿನ ವಾದ್ಯಗಳಲ್ಲಿ ಕಾರ್ಖಾನೆಯನ್ನು ಅಕ್ಷರದಲ್ಲಿ ಬರೆಯುತ್ತಿದ್ದರು. ಉದಾಹರಣೆಗೆ ಎಸ್ ಎಂದರೆ ಕೊರಿಯಾದ ಸ್ಯಾಮಿಕ್, ಯು ಎಂದರೆ ಅಲ್ಲಿಯದೇ ಆದ ಅನ್‌ಸಂಗ್. ನಿಮ್ಮ ವಾದ್ಯಕ್ಕೆ ಅನ್ವಯಿಸುವ ಇನ್ನೊಂದು ಪರೀಕ್ಷೆಯೂ ಇದೆ. 2020ರಲ್ಲಿ ಎಪಿಫೋನ್ ತನ್ನ ಲೆಸ್ ಪಾಲ್ ಸಾಲಿನ ಹೆಡ್‌ಸ್ಟಾಕಿನ ಆಕಾರವನ್ನೇ ಬದಲಿಸಿತು. ಕ್ರಮಸಂಖ್ಯೆ 2012 ಎಂದು ಹೇಳುತ್ತಿದ್ದು, ಹೆಡ್‌ಸ್ಟಾಕು ಮಾತ್ರ ಹೊಸ ಆಕಾರದಲ್ಲಿದ್ದರೆ ಎಲ್ಲೋ ಏನೋ ತಪ್ಪಿದೆ ಎಂದರ್ಥ. ಎರಡೂ ಕಾಲದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತದೆ.

ಮುಂದೆ ಬೇರೆ ಜಾಹೀರಾತುಗಳನ್ನು ನೋಡುವಾಗ ಉಪಯೋಗಕ್ಕೆ ಬರಲೆಂದು ಇನ್ನೆರಡು ಮಾತು. ಇಂಡೋನೇಷ್ಯಾದಲ್ಲಿ ತಯಾರಾದ ಐಬನೆಜ್‌ಗಳಲ್ಲಿ ಐ ಎಂಬ ಅಕ್ಷರದ ನಂತರ ವರ್ಷಕ್ಕೆ ಎರಡು ಅಂಕಿ, ತಿಂಗಳಿಗೆ ಎರಡು ಅಂಕಿ ಬರುವ ಪದ್ಧತಿ ಬಹಳ ಕಾಲ ಇತ್ತು. ಅದೇ ಕಂಪನಿಯ ಮಾದರಿಯ ಹೆಸರಿನ ಕೊನೆಗಿರುವ ಬಿಕೆಎನ್‌ನಂತಹ ಅಕ್ಷರಗಳು ಬಣ್ಣದ ಸಂಕೇತಗಳು, ಅವನ್ನು ಮಾದರಿಯೆಂದು ಭ್ರಮಿಸಬಾರದು. ಯಮಹಾ ಹಲವು ಕಾರ್ಖಾನೆಗಳಲ್ಲಿ ಅಂಕಿಗಳ ಬದಲು ಅಕ್ಷರಗಳನ್ನು ಬಳಸಿದೆ: ಎಚ್ ಎಂದರೆ 1, ಐ ಎಂದರೆ 2, ಹೀಗೆ ಮುಂದುವರಿದು ಪಿ ಎಂದರೆ 9. ಅದರಲ್ಲಿ ಸಿಗುವುದು ವರ್ಷದ ಕೊನೆಯ ಅಂಕಿ ಮಾತ್ರವಾದ್ದರಿಂದ, ಎಚ್ ಕಂಡ ಮಾತ್ರಕ್ಕೆ 1991 ಎನ್ನಲು ಬರುವುದಿಲ್ಲ. ಅದು 2001 ಅಥವಾ 2011 ಕೂಡ ಆಗಿರಬಹುದು. ಅಂತರ್ಜಾಲದಲ್ಲಿ ಸಂಖ್ಯೆ ತುಂಬಿದೊಡನೆ ವರ್ಷ ಹೇಳುವ ಪುಟಗಳು ಈ ಅನುಮಾನವನ್ನು ಮುಚ್ಚಿಟ್ಟು ಒಂದೇ ಉತ್ತರ ಕೊಡುವುದರಿಂದ, ಅವುಗಳ ಮಾತನ್ನು ನಾನು ಅರ್ಧದಷ್ಟೇ ನಂಬುತ್ತೇನೆ.

ಉತ್ತರ (ದುರಸ್ತಿ ಮೇಜು):

ಮೇಲಿನವರ ವಿವರಣೆ ಸರಿಯಾಗಿದೆ. ಆದರೆ ಸ್ಕ್ರೂ ಹಾಕಿ ಕೂಡಿಸಿದ ಗಿಟಾರಿನಲ್ಲಿ ಹೆಡ್‌ಸ್ಟಾಕಿನ ಸಂಖ್ಯೆ ಹೇಳುವುದು ಆ ನೆಕ್ಕಿನ (ಕತ್ತಿನ ಭಾಗದ) ವಯಸ್ಸನ್ನು ಮಾತ್ರ. ನಾಲ್ಕು ಸ್ಕ್ರೂ ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ. ಒಂದು ವಾದ್ಯದ ನೆಕ್ಕನ್ನು ಇನ್ನೊಂದರ ಬಾಡಿಗೆ ಜೋಡಿಸಿದ ಗಿಟಾರುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ತಂದವರಿಗೆ ಅದು ಗೊತ್ತೂ ಇರುವುದಿಲ್ಲ. ಆದ್ದರಿಂದ ಸಂಖ್ಯೆ ಏನು ಹೇಳುತ್ತದೆಯೋ ಅದನ್ನೇ ಮರ, ಲೋಹ, ಅಳತೆಗಳೂ ಹೇಳುತ್ತಿವೆಯೇ ಎಂದು ನೋಡಬೇಕು. ಎರಡೂ ತಾಳೆಯಾದರೆ ಮಾತ್ರ ಗುರುತು ಸಿಕ್ಕಿತು ಎನ್ನಬಹುದು.

ಸ್ಕ್ವಯರ್‌ನಲ್ಲಿ ಮೊದಲು ಫ್ರೆಟ್ಟುಗಳನ್ನು (ನೆಕ್ಕಿನ ಮೇಲಿನ ಲೋಹದ ಅಡ್ಡಗೆರೆಗಳನ್ನು) ಎಣಿಸಿ. ಆ ಕಾಲದ ಅಫಿನಿಟಿ ಮತ್ತು ಬುಲೆಟ್ ಸ್ಟ್ರ್ಯಾಟುಗಳಲ್ಲಿ 21 ಫ್ರೆಟ್ಟುಗಳು, ಸ್ಟ್ಯಾಂಡರ್ಡ್ ಸರಣಿಯಲ್ಲಿ 22. ಇಪ್ಪತ್ತೆರಡನೆಯ ಫ್ರೆಟ್ ಇರುವ ನೆಕ್ಕಿನಲ್ಲಿ ಫಿಂಗರ್‌ಬೋರ್ಡಿನ (ಬೆರಳು ಒತ್ತುವ ಮರದ ಪಟ್ಟಿಯ) ತುದಿ ಸ್ಕ್ರ್ಯಾಚ್‌ಪ್ಲೇಟಿನ (ಬಾಡಿಯ ಮುಖದ ಪ್ಲಾಸ್ಟಿಕ್ ತಗಡಿನ) ಮೇಲೆ ತುಸು ಚಾಚಿಕೊಂಡಿರುತ್ತದೆ, ಅದನ್ನು ಚಿತ್ರದಲ್ಲೂ ಗುರುತಿಸಬಹುದು. ಎರಡನೆಯದಾಗಿ ಬಾಡಿಯ ದಪ್ಪವನ್ನು ಅಳೆಸಿ. ಪೂರ್ಣ ದಪ್ಪದ ಸ್ಟ್ರ್ಯಾಟಿನ ಬಾಡಿ ಸುಮಾರು 44 ಅಥವಾ 45 ಮಿಲಿಮೀಟರ್ ಇರುತ್ತದೆ. ಹಳೆಯ ಅಫಿನಿಟಿಗಳಲ್ಲಿ ಅದು 40ರ ಹತ್ತಿರ. ನಾಲ್ಕೈದು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ, ಸ್ಕೇಲು ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ನೆಕ್ಕಿನಲ್ಲಿ 22 ಫ್ರೆಟ್ಟುಗಳಿದ್ದು ಬಾಡಿ ಮಾತ್ರ ತೆಳುವಾಗಿದ್ದರೆ, ಅದು ಎರಡು ಗಿಟಾರುಗಳನ್ನು ಸೇರಿಸಿ ಮಾಡಿದ ಒಂದು ಗಿಟಾರ್ ಎಂದು ಅನುಮಾನಿಸಿ.

ಲೆಸ್ ಪಾಲ್ ವಿಷಯದಲ್ಲಿ ನೀವು ಕೊಟ್ಟಿರುವ ವಿವರಗಳಲ್ಲಿ ನನಗೆ ಕಡಿಮೆ ನಂಬಿಕೆ ಹುಟ್ಟಿಸುವುದು "ಸ್ಟ್ಯಾಂಡರ್ಡ್" ಎಂಬ ಆ ಬಿಲ್ಲೆಯೇ. ಅದನ್ನು ಹಿಡಿದಿರುವುದು ಎರಡೋ ಮೂರೋ ಪುಟ್ಟ ಸ್ಕ್ರೂಗಳು; ಬೇಕಾದ ಹೆಸರಿನ ಬಿಲ್ಲೆ ಬಿಡಿಯಾಗಿಯೇ ಸಿಗುತ್ತದೆ. ಅದರ ಬದಲು ವಾದ್ಯವನ್ನು ಮಗುಚಿ, ನೆಕ್ ಮತ್ತು ಬಾಡಿ ಕೂಡುವ ಜಾಗದ ಚಿತ್ರ ಕೇಳಿ. ಎಪಿಫೋನ್ ಲೆಸ್ ಪಾಲ್ ಸ್ಟ್ಯಾಂಡರ್ಡ್‌ನಲ್ಲಿ ನೆಕ್ಕನ್ನು ಅಂಟಿನಿಂದ ಕೂಡಿಸಿರುತ್ತಾರೆ, ಹಿಂಭಾಗದಲ್ಲಿ ಸ್ಕ್ರೂ ಇರುವುದಿಲ್ಲ. ಅಲ್ಲಿ ನಾಲ್ಕು ಸ್ಕ್ರೂಗಳಿದ್ದರೆ ಅದು ಸ್ಪೆಷಲ್ ಟೂ ಅಥವಾ ಲೆಸ್ ಪಾಲ್ 100ರಂತಹ ಕೆಳದರ್ಜೆಯ ಮಾದರಿ. ಇವೆರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ: ಸ್ಪೆಷಲ್ ಟೂನ ಮುಖ ಹಲಗೆಯಂತೆ ಸಪಾಟಾಗಿದ್ದು ಒಂದು ವಾಲ್ಯೂಮ್, ಒಂದು ಟೋನ್ ನಾಬ್ ಮಾತ್ರ ಇರುತ್ತವೆ, 100ರಲ್ಲಿ ನಾಬುಗಳು ನಾಲ್ಕು. ಕೆಳದರ್ಜೆಯದು ಎಂದ ಮಾತ್ರಕ್ಕೆ ಕಲಿಕೆಗೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸ್ಪೆಷಲ್ ಟೂ ಹಗುರವಾಗಿದ್ದು, ಆರಂಭಿಕರಿಗೆ ಸಾಕಷ್ಟು ಒಳ್ಳೆಯ ವಾದ್ಯವೇ. ಅದಕ್ಕೆ ಸ್ಟ್ಯಾಂಡರ್ಡ್‌ನ ಬೆಲೆ ಕೊಡಬಾರದು, ಅಷ್ಟೇ.

ಫಿಂಗರ್‌ಬೋರ್ಡಿನ ಮರದಿಂದಲೂ ಕಾಲವನ್ನು ಅಂದಾಜಿಸಬಹುದು. 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ವ್ಯಾಪಾರದ ಸೈಟಿಸ್ ಒಪ್ಪಂದದಡಿ ನಿಯಂತ್ರಣಕ್ಕೆ ತಂದಿದ್ದರಿಂದ, ಪ್ರತಿ ಗಿಟಾರಿಗೂ ಕಾಗದಪತ್ರ ಜೋಡಿಸುವ ತಾಪತ್ರಯವನ್ನು ತಪ್ಪಿಸಿಕೊಳ್ಳಲು ಅಗ್ಗದ ಗಿಟಾರುಗಳ ತಯಾರಕರು ಬೇರೆ ಮರಗಳ ಕಡೆ ತಿರುಗಿದರು. ಸ್ಕ್ವಯರ್ ಮತ್ತು ಎಪಿಫೋನ್‌ಗಳಲ್ಲಿ ಇಂಡಿಯನ್ ಲಾರೆಲ್, ಅಂದರೆ ಮತ್ತಿಯ ಮರ ಕಾಣಿಸಿಕೊಂಡದ್ದು ಆ ಮೇಲೆ. 2019ರ ನವೆಂಬರಿನಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿದರೂ ಅಗ್ಗದ ಸಾಲಿನ ಅನೇಕ ಮಾದರಿಗಳು ಬೀಟೆಗೆ ಮರಳಲಿಲ್ಲ. ಹೀಗಾಗಿ "2010ರದ್ದು" ಎಂದು ಹೇಳುವ ಸ್ಕ್ವಯರ್‌ನಲ್ಲಿ ಮಾಸಲು ಕಂದು ಬಣ್ಣದ, ಗೆರೆಗೆರೆಯಾದ ಲಾರೆಲ್ ಫಿಂಗರ್‌ಬೋರ್ಡ್ ಇದ್ದರೆ ನಾನು ಎರಡನೆಯ ಸಲ ನೋಡುತ್ತೇನೆ. ಪಿಕಪ್ (ತಂತಿಯ ನಾದವನ್ನು ವಿದ್ಯುತ್ತಾಗಿಸುವ ಭಾಗ) ಅಳವಡಿಸಿದ ಅಕೂಸ್ಟಿಕ್‌ಗಳಲ್ಲಿ ಇನ್ನೊಂದು ಸಣ್ಣ ಗುರುತು ಉಪಯುಕ್ತ: ಪ್ರಿಆಂಪಿನ ಮೇಲೋ ಬ್ಯಾಟರಿ ಗೂಡಿನ ಬಳಿಯೋ ಕಸದ ಬುಟ್ಟಿಗೆ ಅಡ್ಡಗೀಟು ಹಾಕಿದ ಚಿಹ್ನೆಯಿದ್ದರೆ, ಅದು ಯುರೋಪಿನ ಇಲೆಕ್ಟ್ರಾನಿಕ್ ತ್ಯಾಜ್ಯದ ನಿಯಮ 2005ರಲ್ಲಿ ಜಾರಿಗೆ ಬಂದ ಕಾಲದ್ದು ಅಥವಾ ಅದಕ್ಕಿಂತ ಈಚಿನದು.

ಯಮಹಾದ ಬಗ್ಗೆ ಹೇಳುವುದಕ್ಕೆ ಲೇಬಲ್ಲಿನ ಹತ್ತಿರದ ಚಿತ್ರ ಬೇಕು. ಅದರಲ್ಲಿ "ನಿಪ್ಪಾನ್ ಗಕ್ಕಿ" ಎಂಬ ಹೆಸರಿದೆಯೇ? ಕಂಪನಿ ಆ ಹೆಸರನ್ನು ಬಿಟ್ಟು ಯಮಹಾ ಕಾರ್ಪೊರೇಷನ್ ಆದದ್ದು 1987ರಲ್ಲಿ. ಆ ಹೆಸರಿದ್ದರೆ ವಾದ್ಯ ಅದಕ್ಕಿಂತ ಹಳೆಯದು. ಲೇಬಲ್ಲಿನ ಕೆಂಪು ಬಣ್ಣವೊಂದೇ ಸಾಕ್ಷಿಯಾಗದು. 1960ರ ದಶಕದ ಕೊನೆಯ ಮತ್ತು 1970ರ ದಶಕದ ಆರಂಭದ ಎಫ್‌ಜಿಗಳು ಕೆಂಪು ಲೇಬಲ್ಲಿಗೆ ಹೆಸರಾದದ್ದು ನಿಜವಾದರೂ, ಆ ನೆನಪಿನಲ್ಲೇ 2019ರಲ್ಲಿ ಕಂಪನಿ ರೆಡ್ ಲೇಬಲ್ ಎಂಬ ಹೊಸ ಸರಣಿಯನ್ನೂ ತಂದಿತು. ಮೊಬೈಲಿನ ಫ್ಲ್ಯಾಶ್ ಹಾಕಿ, ಸೌಂಡ್‌ಹೋಲಿನೊಳಗೆ ಹಿಂದಿನ ಹಲಗೆಯ ಅಡ್ಡಪಟ್ಟಿಗಳನ್ನೂ ನೆಕ್ಕಿನ ಬುಡದ ಮರದ ತುಂಡನ್ನೂ ಚಿತ್ರ ತೆಗೆಸಿ. ಅಲ್ಲಿ 45, 46ರಂತಹ ಅಂಕಿಯಿಂದ ಆರಂಭವಾಗುವ ಶಾಯಿಯ ಮುದ್ರೆ ಸಿಕ್ಕರೆ ಅದು ಜಪಾನಿನ ಶೋವಾ (ಆಗಿನ ಚಕ್ರವರ್ತಿಯ ಆಳ್ವಿಕೆಯ) ವರ್ಷವಾಗಿರುವ ಸಾಧ್ಯತೆಯಿದೆ. ಅದಕ್ಕೆ 1925 ಕೂಡಿಸಿದರೆ ನಮ್ಮ ಲೆಕ್ಕದ ವರ್ಷ ಬರುತ್ತದೆ.

ಉತ್ತರ (ಹಳೆಯ ಸರಕು):

ವಿದ್ಯುತ್ ಭಾಗಗಳನ್ನು ಇಬ್ಬರೂ ಬಿಟ್ಟಿರುವುದು ಆಶ್ಚರ್ಯ. ವಾಲ್ಯೂಮ್ ಮತ್ತು ಟೋನ್ ನಾಬುಗಳ ಕೆಳಗಿರುವ ಪಾಟುಗಳ (ತಿರುಗಿಸುವ ನಿಯಂತ್ರಕಗಳ) ಲೋಹದ ಬೆನ್ನ ಮೇಲೆ ತಯಾರಿಕೆಯ ಸಂಕೇತ ಇರುತ್ತದೆ. ಮೊದಲ ಮೂರು ಅಂಕಿಗಳು ತಯಾರಕರದ್ದು, 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್; ನಂತರ ವರ್ಷ, ಕೊನೆಗೆ ವಾರ. 1378212 ಎಂದಿದ್ದರೆ 1982ರ ಹನ್ನೆರಡನೆಯ ವಾರದಲ್ಲಿ ತಯಾರಾದ ಸಿಟಿಎಸ್ ಪಾಟ್. ಸ್ಕ್ವಯರ್‌ನ ಸ್ಕ್ರ್ಯಾಚ್‌ಪ್ಲೇಟ್ ಬಿಚ್ಚಿ ಚಿತ್ರ ಕಳುಹಿಸಲು ಕೇಳಿದರೆ 1982ರ ವಾದ ಅಲ್ಲಿಯೇ ಇತ್ಯರ್ಥವಾಗುತ್ತದೆ. ನೆಕ್ಕನ್ನೂ ಬಿಚ್ಚಿಸಿದರೆ ಅದರ ಬುಡದಲ್ಲಿ ದಿನಾಂಕದ ಮುದ್ರೆಯೋ ಪೆನ್ಸಿಲ್ ಬರಹವೋ ಸಿಗಬಹುದು.

ಇನ್ನೊಂದು ಮಾತು. ಈ ದರ್ಜೆಯ ಗಿಟಾರುಗಳಲ್ಲಿ ವಯಸ್ಸಿಗೆ ಬೆಲೆಯಿಲ್ಲ. ಜೆವಿ ಸ್ಕ್ವಯರ್‌ಗಳು, 1987ರಲ್ಲಿ ಮುಚ್ಚಿದ ಜಪಾನಿನ ಮಾತ್ಸುಮೊಕು ಕಾರ್ಖಾನೆಯ ಏರಿಯಾ ಮತ್ತು ವೆಸ್ಟೋನ್‌ಗಳು, ಹೀಗೆ ಕೆಲವೇ ವಾದ್ಯಗಳಿಗೆ ಹಳೆಯದಾದಷ್ಟೂ ಬೇಡಿಕೆ. ಉಳಿದವುಗಳಲ್ಲಿ "ವಿಂಟೇಜ್" ಎಂಬ ಮಾತಿಗೆ ಹೆಚ್ಚು ಹಣ ಕೊಡುವುದು ಸವೆದ ಫ್ರೆಟ್ಟುಗಳಿಗೆ ಹೆಚ್ಚು ಹಣ ಕೊಟ್ಟಂತೆ.

ಉತ್ತರ (ದುರಸ್ತಿ ಮೇಜು):

ಪಾಟಿನ ಸಂಕೇತದ ವಿಧಾನ ಅಮೆರಿಕದ ಹಳೆಯ ವಾದ್ಯಗಳಿಗೆ ಅತ್ಯುತ್ತಮ. ಕೊರಿಯಾ, ಚೀನಾ, ಇಂಡೋನೇಷ್ಯಾಗಳಿಂದ ಬಂದ ಅಗ್ಗದ ಗಿಟಾರುಗಳಲ್ಲಿ ಇರುವ ಸಣ್ಣ ಪಾಟುಗಳ ಮೇಲೆ ಬಹುತೇಕ ಬಿ500ಕೆ ಎಂಬಂತಹ ವಿದ್ಯುತ್ ರೋಧದ ಮೌಲ್ಯ ಮಾತ್ರ ಬರೆದಿರುತ್ತದೆ, ಅದರಿಂದ ವರ್ಷ ಸಿಗುವುದಿಲ್ಲ. ಅಲ್ಲದೆ ಅಪರಿಚಿತ ಮಾರಾಟಗಾರರಿಂದ ಸ್ಕ್ರೂ ಬಿಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಮೆದು ಮರದಲ್ಲಿ ಸ್ಕ್ರೂ ಒಮ್ಮೆ ಸಡಿಲವಾಯಿತೆಂದರೆ ನಷ್ಟ ಕೊಳ್ಳುವವರದ್ದೇ. ಐಸಿಎಸ್ ಎಂಬ ಮೂರು ಅಕ್ಷರಗಳು 1982ನ್ನು ಈಗಾಗಲೇ ತಳ್ಳಿಹಾಕಿವೆ. ಫ್ರೆಟ್ಟಿನ ಎಣಿಕೆ ಮತ್ತು ಬಾಡಿಯ ದಪ್ಪ ಉಳಿದದ್ದನ್ನು ಹೇಳುತ್ತವೆ. ವಯಸ್ಸಿಗೆ ಬೆಲೆಯಿಲ್ಲ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ, ಆದರೆ ಮಾದರಿಗೆ ಖಂಡಿತ ಬೆಲೆಯಿದೆ.

ಪ್ರಶ್ನೆ ಕೇಳಿದವರಿಂದ (ಹೊಸ ವಾದಕ):

ಎಲ್ಲರಿಗೂ ಧನ್ಯವಾದಗಳು. ನೀವು ಹೇಳಿದ ಚಿತ್ರಗಳನ್ನು ತರಿಸಿಕೊಂಡಿದ್ದೇನೆ. ಸ್ಕ್ವಯರ್‌ನ ತುದಿಯಿಂದ ಕೇಪೊ ತೆಗೆದ ಮೇಲೆ ಅಲ್ಲಿ ಸರಣಿಯ ಹೆಸರಾಗಲಿ, ಕೆರೆದು ತೆಗೆದ ಗುರುತಾಗಲಿ ಇಲ್ಲ. ಫ್ರೆಟ್ಟುಗಳು 22, ಬಾಡಿಯ ದಪ್ಪ 44 ಮಿಲಿಮೀಟರ್, ಫಿಂಗರ್‌ಬೋರ್ಡ್ ಗಾಢ ಕಂದು ಬಣ್ಣದ ಬೀಟೆಯಂತೆ ಕಾಣುತ್ತದೆ. ಲೆಸ್ ಪಾಲ್‌ನ ಹಿಂಭಾಗದಲ್ಲಿ ನಾಲ್ಕು ಸ್ಕ್ರೂಗಳಿವೆ, ಮುಖ ಸಪಾಟಾಗಿದೆ, ನಾಬುಗಳು ಎರಡೇ. ಇದನ್ನು ಮಾರುವವರಿಗೆ ತಿಳಿಸಿದಾಗ ಬಿಲ್ಲೆಯನ್ನು ತಾವು ಬದಲಿಸಿಲ್ಲ, ಕೊಂಡಾಗಲೇ ಹಾಗಿತ್ತು ಎಂದರು.

ಯಮಹಾದ ಲೇಬಲ್ಲಿನಲ್ಲಿ ನಿಪ್ಪಾನ್ ಗಕ್ಕಿ ಎಂಬ ಹೆಸರು ಸ್ಪಷ್ಟವಾಗಿದೆ. ಒಳಗಿನ ಒಂದು ಅಡ್ಡಪಟ್ಟಿಯ ಮೇಲೆ ಮಸುಕಾದ ನೀಲಿ ಶಾಯಿಯಲ್ಲಿ 46 ಎಂದಿದ್ದು, ಅದರ ಮುಂದಿನದು ಓದಲು ಬರುವುದಿಲ್ಲ. ಬಾಡಿ ದೊಡ್ಡದು, ಸೊಂಟ ಅಷ್ಟಾಗಿ ಕಿರಿದಾಗಿಲ್ಲ. ತಂತಿಗಳು ಮಾತ್ರ ಹನ್ನೆರಡನೆಯ ಫ್ರೆಟ್ಟಿನ ಬಳಿ ತುಂಬಾ ಎತ್ತರದಲ್ಲಿವೆ ಎಂದು ನನಗೇ ತೋರುತ್ತಿದೆ.

ಉತ್ತರ (ಸಂಖ್ಯೆಯ ಜಾಡು):

ಹಾಗಾದರೆ ಮೊದಲನೆಯದು 2010ರ ಇಂಡೋನೇಷ್ಯಾದ ಸ್ಕ್ವಯರ್ ಸ್ಟ್ಯಾಂಡರ್ಡ್ ಎಂದು ಹೇಳಲು ಅಡ್ಡಿಯಿಲ್ಲ. ಸಂಖ್ಯೆ, ಫ್ರೆಟ್ಟು, ದಪ್ಪ, ಮರ ಎಲ್ಲವೂ ಒಂದೇ ಮಾತು ಹೇಳುತ್ತಿವೆ. ಎರಡನೆಯದು 2012ರ ಸ್ಪೆಷಲ್ ಟೂ. ಮೂರನೆಯದರಲ್ಲಿ 46ನ್ನು ಶೋವಾ ಎಂದು ಹಿಡಿದರೆ 1971 ಆಗುತ್ತದೆ, ಕೆಂಪು ಲೇಬಲ್ಲಿಗೂ ನಿಪ್ಪಾನ್ ಗಕ್ಕಿ ಎಂಬ ಹೆಸರಿಗೂ ಅದು ಹೊಂದುತ್ತದೆ. 1966ರಲ್ಲಿ ಎಫ್‌ಜಿ ಸರಣಿ ಆರಂಭವಾದಾಗ ಬಂದವು 180 ಮತ್ತು 150. ಅವುಗಳಲ್ಲಿ 150 ಚಿಕ್ಕ ಬಾಡಿಯದು, ನಂತರ ಬಂದ 110 ಕೂಡ ಚಿಕ್ಕದೇ. ನೀವು ವರ್ಣಿಸಿರುವ ಆಕಾರಕ್ಕೆ ಅವೆರಡೂ ಹೊಂದುವುದಿಲ್ಲ. 180 ಎಂದು ಊಹಿಸಬಹುದು, ಆದರೆ ಹರಿದ ಲೇಬಲ್ಲಿನ ಮುಂದೆ ಅದನ್ನು ಖಚಿತವೆಂದು ಬರೆದುಕೊಡಲು ನಾನು ಸಿದ್ಧನಿಲ್ಲ. ಮಾರುವವರು 180ರ ಬೆಲೆ ಕೇಳಿದರೆ ಈ ಅನಿಶ್ಚಿತತೆಯನ್ನು ಚೌಕಾಸಿಗೆ ಬಳಸಿಕೊಳ್ಳಿ.

ಉತ್ತರ (ದುರಸ್ತಿ ಮೇಜು):

ಯಮಹಾದ ಹೆಸರಿಗಿಂತ ಆ ತಂತಿಯ ಎತ್ತರ ನನ್ನ ಗಮನ ಸೆಳೆಯುತ್ತಿದೆ. ದಶಕಗಳ ಕಾಲ ತಂತಿಗಳ ಎಳೆತ ತಿಂದ ಅಕೂಸ್ಟಿಕ್‌ಗಳಲ್ಲಿ ನೆಕ್ಕಿನ ಕೋನವೇ ಮುಂದಕ್ಕೆ ಬಾಗಿರುತ್ತದೆ, ಆ ಕಾಲದ ಎಫ್‌ಜಿಗಳಲ್ಲಿ ಇದು ಸಾಮಾನ್ಯ ದೂರು. ಅವುಗಳ ನೆಕ್ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬಿಡಿಸಿ ಮತ್ತೆ ಕೂಡಿಸುವ ಕೆಲಸಕ್ಕೆ ವಾದ್ಯದ ಬೆಲೆಗಿಂತ ಹೆಚ್ಚು ಖರ್ಚಾಗುವುದೂ ಉಂಟು. ಮಾರುವವರು ಒಂದು ಉದ್ದನೆಯ, ನೇರವಾದ ಸ್ಕೇಲನ್ನು ಫ್ರೆಟ್ಟುಗಳ ಮೇಲೆ ನೆಕ್ಕಿನ ಉದ್ದಕ್ಕೂ ಇಟ್ಟು, ಅದರ ತುದಿ ಬ್ರಿಜ್ಜಿನ (ತಂತಿಗಳ ಕೆಳತುದಿ ಹಿಡಿದಿರುವ ಮರದ ತುಂಡಿನ) ಬಳಿ ಎಲ್ಲಿಗೆ ಬರುತ್ತದೆ ಎಂಬುದನ್ನು ಪಕ್ಕದಿಂದ ಚಿತ್ರ ತೆಗೆದು ಕಳುಹಿಸಲಿ. ಸ್ಕೇಲಿನ ತುದಿ ಬ್ರಿಜ್ಜಿನ ಮರದ ಮೇಲ್ಮೈಯನ್ನು ಸವರಿಕೊಂಡು ಹೋದರೆ ಕೋನ ಸರಿಯಿದೆ, ಸ್ಯಾಡಲ್ (ಬ್ರಿಜ್ಜಿನ ಮೇಲೆ ತಂತಿ ಕೂರುವ ಪಟ್ಟಿ) ಸ್ವಲ್ಪ ಉಜ್ಜಿದರೆ ಸಾಕು. ಅದು ಬ್ರಿಜ್ಜಿನ ಅಂಚಿಗೆ, ಅಂದರೆ ಮೇಲ್ಮೈಗಿಂತ ಕೆಳಗೆ ತಾಗಿದರೆ ನೆಕ್ ಎದ್ದಿದೆ ಎಂದರ್ಥ. ಆ ಚಿತ್ರ ಬರುವವರೆಗೆ ಯಮಹಾಕ್ಕೆ ಮುಂಗಡ ಕೊಡಬೇಡಿ. ಸ್ಕ್ವಯರ್‌ನ ನೆಕ್ ನೇರವಾಗಿದ್ದು, ಮೊದಲ ಮೂರು ಫ್ರೆಟ್ಟುಗಳಲ್ಲಿ ತಂತಿಯ ಗುಂಡಿಗಳು ಆಳವಾಗಿ ಬಿದ್ದಿಲ್ಲವಾದರೆ, ಇಂಡೋನೇಷ್ಯಾದ ಬೆಲೆಗೆ ಅದನ್ನು ತೆಗೆದುಕೊಳ್ಳಬಹುದು.